ಮೇಲೆ ಒಣ ಕಾಳು, ಒಳಗೆ ತೊಯ್ದ ಕಾಳು

ಕಳೆದ ತಿಂಗಳು ಎಪಿಎಂಸಿ ಯಾರ್ಡಿನ ಚಹಾದಂಗಡಿಯಲ್ಲಿ ಕೂತಿದ್ದೆವು. ಮೆಣಸಿನಕಾಯಿ ರೇಟು ಬರೆದುಕೊಳ್ಳಲು ಹೋಗಿದ್ದು. ಪಕ್ಕದ ಬೆಂಚಿನಲ್ಲಿದ್ದ ಒಬ್ಬರು ಮೊಬೈಲಿನಲ್ಲಿ ಒಂದು ಆಡಿಯೊ ಹಚ್ಚಿದರು, ಎಲ್ಲರಿಗೂ ಕೇಳುವಷ್ಟು ಜೋರಾಗಿ. ಮುಸ್ಲಿಮರ ಮಾತು ನಂಬಬೇಡಿ, ಬೇರೆ ಧರ್ಮದವರಿಗೆ ಸುಳ್ಳು ಹೇಳಲು ಅವರ ಧರ್ಮದಲ್ಲೇ ಒಪ್ಪಿಗೆ ಇದೆ, ಅದಕ್ಕೆ 'ತಕಿಯ್ಯಾ' ಅಂತ ಹೆಸರು. ಇಷ್ಟೇ ಅದರ ಸಾರ. ಕೊನೆಗೆ ಎಲ್ಲ ಗ್ರೂಪಿಗೂ ಕಳಿಸಿ ಎಂಬ ವಿನಂತಿ.

ಅಲ್ಲೇ ನೀರು ಕುಡಿಯುತ್ತ ನಿಂತಿದ್ದ ಹಮಾಲರೊಬ್ಬರು ಮುಸ್ಲಿಮರು. ಯಾರೂ ಅವರ ಮುಖ ನೋಡಲಿಲ್ಲ. ಅವರೇ ನಗುತ್ತ ಹೇಳಿದರು: "ಇಪ್ಪತ್ತು ವರ್ಷಾತ್ರೀ ಈ ಯಾರ್ಡಿನ್ಯಾಗ ಚೀಲ ಹೊರಾಕತ್ತು. ಆ ಹೆಸರ ನಾ ಇವತ್ತ ಕೇಳೀನಿ ನೋಡ್ರಿ."

ಒಂದಿಬ್ಬರು ನಕ್ಕರು. ಆಡಿಯೊ ಹಚ್ಚಿದವರು ಮೊಬೈಲು ಕಿಸೆಗೆ ಇಟ್ಟುಕೊಂಡರು. ಅಷ್ಟಕ್ಕೆ ಮುಗಿಯಿತು. ನಮಗೆ ಮಾತ್ರ ಮುಗಿಯಲಿಲ್ಲ. ನಾವು ಧರ್ಮಪಂಡಿತರಲ್ಲ, ಪತ್ರಿಕೋದ್ಯಮ ಡಿಪ್ಲೊಮಾ ಮಾಡಿಕೊಂಡು ಸುದ್ದಿಗಿಷ್ಟು ಎಂದು ದುಡಿಯುವ ಜಿಲ್ಲಾ ಸ್ಟ್ರಿಂಗರು. ಆದರೆ ನಿಜ-ಸುಳ್ಳಿನ ಲೆಕ್ಕ ನಮ್ಮ ಕಸುಬಿನದೇ ಲೆಕ್ಕ. ಹಾಗಾಗಿ ಕುರ್‌ಆನ್ ಮತ್ತು ಹದೀಸ್‌ಗಳ ಅನುವಾದ ತೆಗೆದು ಕೂತೆವು. ತಿಳಿಯದ ಕಡೆ ನಮ್ಮೂರ ಮಸೀದಿಯ ಹಜರತ್ ಅವರನ್ನು ಕೇಳಿದೆವು. ಹದೀಸ್ ಎಂದರೆ ಪೈಗಂಬರ್ ಮುಹಮ್ಮದರ ನಡೆ-ನುಡಿಯ ದಾಖಲೆ, ಕುರ್‌ಆನ್ ಬಿಟ್ಟರೆ ಮುಸ್ಲಿಮರಿಗೆ ಅದೇ ಪ್ರಮಾಣ.

ಎಪಿಎಂಸಿಯಲ್ಲಿ ಶುರುವಾದ ಮಾತಿಗೆ ಮೊದಲು ಸಿಕ್ಕ ಕಥೆಯೂ ಕಾಳಿನ ಸಂತೆಯದೇ. ಪೈಗಂಬರರು ಒಮ್ಮೆ ಕಾಳಿನ ರಾಶಿಯೊಂದರ ಮುಂದೆ ಹಾಯ್ದು ಹೋಗುತ್ತಿದ್ದರು. ನಿಂತು ರಾಶಿಯೊಳಗೆ ಕೈ ಹಾಕಿದರು. ಬೆರಳಿಗೆ ಪಸೆ ತಗುಲಿತು. ಇದೇನು ಎಂದು ಕೇಳಿದರು. ಮಳೆಗೆ ತೊಯ್ದಿತ್ತು ಎಂದ ವ್ಯಾಪಾರಿ. ಹಾಗಾದರೆ ತೊಯ್ದದ್ದನ್ನು ಜನರಿಗೆ ಕಾಣುವ ಹಾಗೆ ಮೇಲೆ ಏಕೆ ಇಡಲಿಲ್ಲ ಎಂದರು ಅವರು. ಮೋಸ ಮಾಡುವವನು ನಮ್ಮವನಲ್ಲ ಎಂಬ ಅರ್ಥದ ಕಡು ಮಾತೂ ಹೇಳಿದರು. ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿದೆ ಇದು.

ನೋಡಿ, ಆ ವ್ಯಾಪಾರಿ ಬಾಯಿಬಿಟ್ಟು ಒಂದು ಸುಳ್ಳೂ ಹೇಳಿರಲಿಲ್ಲ. ಕೇಳಿದಾಗ ನಿಜವನ್ನೇ ಹೇಳಿದ. ರಾಶಿ ಜೋಡಿಸಿದ ರೀತಿಯಲ್ಲೇ ಸುಳ್ಳಿತ್ತು. ಟೊಮೆಟೊ ಬಾಕ್ಸಿನ ಮೇಲಿನ ಸಾಲು, ಹತ್ತಿ ಅಂಡಿಗೆಯ ಒಳಗಿನ ನೀರು, ಮಾರುವ ಮುಂಚೆ ಎರಡು ದಿನ ಹಾಲು ಕರೆಯದೆ ಬಿಟ್ಟ ಎಮ್ಮೆಯ ಕೆಚ್ಚಲು, ಇವೆಲ್ಲ ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುರ್‌ಆನಿನ 83ನೇ ಅಧ್ಯಾಯ ಶುರುವಾಗುವುದೇ ತೂಕದಲ್ಲಿ ಮೋಸ ಮಾಡುವವರ ಮೇಲೆ. ತಾನು ಕೊಳ್ಳುವಾಗ ಪೂರಾ ಅಳೆಸಿಕೊಂಡು, ಕೊಡುವಾಗ ಕಡಿಮೆ ಅಳೆಯುವವನಿಗೆ ಅಲ್ಲಿ ಕೇಡು ಕಾದಿದೆ. ಕೊಳ್ಳುವವನೂ ಮಾರುವವನೂ ಮಾಲಿನ ಐಬು ಬಿಚ್ಚಿ ಹೇಳಿದರೆ ವ್ಯಾಪಾರದಲ್ಲಿ ಬರಕತ್ತು, ಮುಚ್ಚಿಟ್ಟರೆ ಬರಕತ್ತು ಅಳಿಸಿಹೋಗುತ್ತದೆ ಎಂಬ ಹದೀಸ್ ಕೂಡ ಇದೆ. ಬರಕತ್ತು ಎಂಬ ಮಾತು ನಮ್ಮ ಕಡೆ ಎಲ್ಲ ಜಾತಿಯವರ ಬಾಯಲ್ಲೂ ಇದೆ.

ಬೆಂಗಳೂರಿನಲ್ಲಿ, ವಿಜಯಪುರದಲ್ಲಿ 'ಅಲ್ ಅಮೀನ್' ಎಂಬ ಹೆಸರಿನ ಕಾಲೇಜುಗಳ ಫಲಕ ನೋಡಿರುತ್ತೀರಿ. ಅದು ಪೈಗಂಬರರಿಗೆ ಮೆಕ್ಕಾದ ಜನ ಕೊಟ್ಟಿದ್ದ ಹೆಸರು. ನಂಬಿಗಸ್ತ ಎಂದು ಅರ್ಥ. ಅವರು ಧರ್ಮ ಸಾರಲು ಶುರು ಮಾಡುವ ಮುಂಚಿನ ಹೆಸರು ಅದು, ವ್ಯಾಪಾರ-ವ್ಯವಹಾರದಲ್ಲಿ ಗಳಿಸಿದ್ದು. 622ರಲ್ಲಿ ಮೆಕ್ಕಾದವರು ಅವರನ್ನು ಕೊಲ್ಲಲು ಸಂಚು ಮಾಡಿದಾಗ ಊರು ಬಿಟ್ಟರಲ್ಲ, ಆಗಲೂ ಅದೇ ಊರಿನವರ ಒಡವೆ-ವಸ್ತು ಅವರ ಬಳಿ ಇಡುಗಂಟಾಗಿತ್ತು. ಅವನ್ನೆಲ್ಲ ಅವರವರಿಗೆ ಮುಟ್ಟಿಸಿ ಬಾ ಎಂದು ದೊಡ್ಡಪ್ಪನ ಮಗ ಅಲಿಯವರನ್ನು ಹಿಂದೆ ಉಳಿಸಿ ಹೋದರು ಎನ್ನುತ್ತದೆ ಚರಿತ್ರೆ. ಬೇರೆ ನಂಬಿಕೆಯವರ ಜೊತೆ ಸುಳ್ಳು ನಡೆಯುತ್ತದೆ ಎನ್ನುವ ಆಡಿಯೊಗೆ ಇದೊಂದೇ ಸಾಕಿತ್ತು. ಆದರೆ ನಮಗೆ ಇನ್ನೊಂದು ಕಥೆ ಸಿಕ್ಕಿತು, ಅದು ಮೂರು ದಿನ ತಲೆಯಲ್ಲೇ ಕೂತಿತ್ತು.

ಕಅಬ್ ಬಿನ್ ಮಾಲಿಕ್ ಎಂಬ ಕವಿಯ ಕಥೆ. ಮದೀನಾದವರು. 630ರಲ್ಲಿ ಪೈಗಂಬರರು ತಬೂಕ್ ಎಂಬ ದೂರದ ಜಾಗಕ್ಕೆ ದಂಡು ಕಟ್ಟಿಕೊಂಡು ಹೊರಟರು. ಎಲ್ಲರೂ ಬರಬೇಕೆಂಬ ಕರೆ. ಸುಡುಬಿಸಿಲು, ತೋಟದಲ್ಲಿ ಹಣ್ಣು ಮಾಗುವ ಕಾಲ. ಕಅಬ್ ಬಳಿ ಆಗ ಎರಡು ಒಂಟೆ ಇದ್ದವು, ಅಷ್ಟು ಅನುಕೂಲ ಅವರಿಗೆ ಹಿಂದೆಂದೂ ಇರಲಿಲ್ಲ. ನಾಳೆ ತಯಾರಿ ಮಾಡಿದರಾಯಿತು ಎಂದರು. ಮರುದಿನವೂ ನಾಳೆ ಎಂದರು. ದಂಡು ಹೊರಟೇಹೋಯಿತು. ಇವರು ನೆರಳಲ್ಲಿ ಉಳಿದರು.

ದಂಡು ವಾಪಸಾದಾಗ ಹಿಂದೆ ಉಳಿದಿದ್ದ ಎಂಬತ್ತಕ್ಕೂ ಹೆಚ್ಚು ಜನ ಒಬ್ಬೊಬ್ಬರಾಗಿ ಬಂದು ಆಣೆ ಇಟ್ಟು ನೆಪ ಹೇಳಿದರು. ಪೈಗಂಬರರು ಅವರವರ ಮಾತನ್ನು ಹಾಗೇ ಒಪ್ಪಿ, ಮನಸ್ಸಿನೊಳಗಿನದನ್ನು ದೇವರಿಗೆ ಬಿಟ್ಟರು. ಕಅಬ್ ಸರದಿ ಬಂತು. ಅವರು ಮಾತುಗಾರ. ಬೇರೆ ಯಾರ ಮುಂದೆ ಕೂತಿದ್ದರೂ ಮಾತಿನಲ್ಲೇ ಪಾರಾಗುತ್ತಿದ್ದೆ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಆದರೂ ಇದ್ದದ್ದನ್ನು ಇದ್ದಂತೆ ಹೇಳಿದರು: ನನಗೆ ಯಾವ ನೆಪವೂ ಇಲ್ಲ, ಬರಬಹುದಿತ್ತು, ಬರಲಿಲ್ಲ. ದಾರಿಯಲ್ಲಿ ಬಂಧುಗಳು ಬೈದರು. ನೀನೂ ಏನಾದರೊಂದು ಹೇಳಬಾರದಿತ್ತೇ, ಕ್ಷಮೆ ಸಿಗುತ್ತಿತ್ತಲ್ಲ ಎಂದು. ಒಂದು ಗಳಿಗೆ ವಾಪಸ್ ಹೋಗಿ ಮಾತು ತಿರುಗಿಸಲೇ ಎಂದೂ ಅನ್ನಿಸಿತಂತೆ.

ಸುಳ್ಳು ಹೇಳಿದವರು ಮನೆಗೆ ಹೋಗಿ ಉಂಡು ಮಲಗಿದರು. ನಿಜ ಹೇಳಿದ ಕಅಬ್‌ಗೆ ಮತ್ತು ಅವರಂತೆಯೇ ನಿಜ ಹೇಳಿದ ಇನ್ನಿಬ್ಬರಿಗೆ ಬಹಿಷ್ಕಾರ. ಯಾರೂ ಮಾತಾಡಿಸುವಂತಿಲ್ಲ. ಐವತ್ತು ದಿನ. ಚಿಕ್ಕಪ್ಪನ ಮಗನ ತೋಟದ ಗೋಡೆ ಹತ್ತಿ ಸಲಾಂ ಎಂದರೆ ಅವನೂ ಉತ್ತರಿಸಲಿಲ್ಲ. ನಲವತ್ತನೇ ದಿನಕ್ಕೆ ಹೆಂಡತಿಯಿಂದಲೂ ದೂರವಿರಬೇಕೆಂಬ ಆದೇಶ ಬಂತು. ಈ ನಡುವೆ ಕಾಳು ಮಾರಲು ಬಂದಿದ್ದ ಸಿರಿಯಾ ಕಡೆಯ ವ್ಯಾಪಾರಿಯೊಬ್ಬ ಘಸ್ಸಾನ್ ರಾಜನ ಪತ್ರ ತಂದುಕೊಟ್ಟ. ನಿನ್ನವರು ನಿನ್ನನ್ನು ಕಡೆಗಣಿಸಿದ್ದಾರಂತೆ, ನಮ್ಮ ಕಡೆ ಬಾ ಎಂಬ ಕರೆ. ಕಅಬ್ ಅದನ್ನು ಒಲೆಗೆ ಹಾಕಿ ಸುಟ್ಟರು. ಐವತ್ತನೇ ದಿನದ ಬೆಳಗಿನ ಪ್ರಾರ್ಥನೆ ಮುಗಿಸಿ ಮನೆಯ ಮಾಳಿಗೆ ಮೇಲೆ ಕೂತಿದ್ದಾಗ ಗುಡ್ಡದ ಮೇಲಿಂದ ಯಾರೋ ಕೂಗಿ ಹೇಳಿದರು, ಕ್ಷಮೆ ಸಿಕ್ಕಿತು ಎಂದು. ಸುದ್ದಿ ತಂದವನಿಗೆ ಮೈಮೇಲಿನ ಬಟ್ಟೆಯನ್ನೇ ಬಿಚ್ಚಿ ಕೊಟ್ಟು, ತಾವು ಬೇರೆಯವರಿಂದ ಬಟ್ಟೆ ಕಡ ತಂದು ಉಟ್ಟುಕೊಂಡು ಓಡಿದರು. ಕುರ್‌ಆನಿನ 9ನೇ ಅಧ್ಯಾಯದಲ್ಲಿ ಆ ಮೂವರ ಪ್ರಸ್ತಾಪ ಇದೆ, ಅದರ ಬೆನ್ನಿಗೇ ಸತ್ಯವಂತರ ಜೊತೆಗಿರಿ ಎಂಬ ಆಜ್ಞೆ ಇದೆ. ಆಣೆ ಇಟ್ಟು ನೆಪ ಹೇಳಿದವರ ಬಗ್ಗೆ ಅದೇ ಅಧ್ಯಾಯ ಬಹಳ ಕಟುವಾಗಿದೆ.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ ಇದು ಪರಕೀಯ ಅನ್ನಿಸುವುದಿಲ್ಲ. ಆದರೆ ಒಂದು ವ್ಯತ್ಯಾಸ ನಮಗೆ ಹಿಡಿಸಿತು. ಕಅಬ್ ಹುಟ್ಟಾ ಸತ್ಯವಂತರೇನಲ್ಲ. ಸೋಮಾರಿತನ ಮಾಡಿ ಸಿಕ್ಕಿಬಿದ್ದ, ನಮ್ಮ-ನಿಮ್ಮಂಥ ಮನುಷ್ಯ. ಈ ಕಥೆ ಉಳಿದದ್ದು ಅವರೇ ಮುದಿವಯಸ್ಸಿನಲ್ಲಿ, ಕಣ್ಣು ಕಾಣದಾದ ಮೇಲೆ, ಮಗನ ಮುಂದೆ ಹೇಳಿದ್ದರಿಂದ.

ಹಾಗಾದರೆ ಇಸ್ಲಾಮಿನಲ್ಲಿ ಸುಳ್ಳಿಗೆ ಜಾಗವೇ ಇಲ್ಲವೇ? ಇದೆ. ಇಲ್ಲ ಎಂದು ಬರೆದರೆ ನಾವೂ ತೊಯ್ದ ಕಾಳು ಒಳಗಿಟ್ಟಂತೆ ಆಗುತ್ತದೆ. ಒಂದು ಹದೀಸ್ ಮೂರು ಕಡೆ ರಿಯಾಯಿತಿ ಕೊಡುತ್ತದೆ. ಯುದ್ಧದಲ್ಲಿ, ಜಗಳವಾಡಿದ ಇಬ್ಬರನ್ನು ಕೂಡಿಸುವಾಗ, ಗಂಡ-ಹೆಂಡತಿ ನಡುವಿನ ಮಾತಿನಲ್ಲಿ. ಯುದ್ಧದ್ದು ಎಲ್ಲ ರಾಜ್ಯಗಳೂ ಮಾಡುವುದೇ. ಎರಡನೆಯದು ನಮ್ಮ ಹಳ್ಳಿಯ ಹಿರಿಯರಿಗೆ ಗೊತ್ತು. ಬದು ಜಗಳದಲ್ಲಿ ಮಾತು ಬಿಟ್ಟ ಅಣ್ಣ-ತಮ್ಮಂದಿರ ನಡುವೆ ಹೋಗಿ, ನಿನ್ನ ಅಣ್ಣ ನಿನ್ನ ನೆನೆಸಿ ಕಣ್ಣೀರು ಹಾಕಿದ ಕಣೋ ಎನ್ನುವುದು. ಮೂರನೆಯದು ಪ್ರೀತಿಯ ಮಾತಿಗೆ ಸಂಬಂಧಿಸಿದ್ದು. ಹೆಂಡತಿ ಮಾಡಿದ ಸಾರು ಉಪ್ಪಾದರೂ ರುಚಿಯಾಗಿದೆ ಎನ್ನುವಂಥದ್ದು. ಅದರ ಹೆಸರು ಹೇಳಿ ಹೆಂಡತಿಯ ಹಕ್ಕು ತಪ್ಪಿಸುವುದು, ಅವಳ ಒಡವೆ ಅಡವಿಡುವುದು ಹರಾಮೇ ಎಂದು ವಿದ್ವಾಂಸರು ಆಗಲೇ ಬರೆದಿಟ್ಟಿದ್ದಾರೆ.

ಇಲ್ಲಿ ನಮ್ಮ ಕಡೆಯ ಗಾದೆಯೊಂದು ನೆನಪಾಗುತ್ತದೆ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವುದು. ಕೂಡಿಸುವ ಸುಳ್ಳಿಗೆ ರಿಯಾಯಿತಿ ಇದ್ದರೆ ಇದಕ್ಕೂ ಇರಬೇಕಲ್ಲ ಎಂದು ಹಜರತ್ ಅವರನ್ನು ಕೇಳಿದೆವು. ಅವರು ಫಾತಿಮಾ ಬಿಂತ್ ಕೈಸ್ ಎಂಬ ಹೆಣ್ಣುಮಗಳ ಪ್ರಸಂಗ ಹೇಳಿದರು. ಇಬ್ಬರು ಗಂಡುಗಳ ಕಡೆಯಿಂದ ಮಾತು ಬಂದಿದೆ, ಏನು ಮಾಡಲಿ ಎಂದು ಆಕೆ ಪೈಗಂಬರರನ್ನು ಕೇಳಿದಳು. ಅವರು ನೇರವಾಗಿ ಹೇಳಿದರು: ಒಬ್ಬನ ಹೆಗಲಿಂದ ಕೋಲು ಇಳಿಯುವುದೇ ಇಲ್ಲ, ಇನ್ನೊಬ್ಬನ ಬಳಿ ಕಾಸಿಲ್ಲ. ಬೇರೊಬ್ಬನನ್ನು ಸೂಚಿಸಿದರು, ಆಕೆ ಅವನನ್ನೇ ಮದುವೆಯಾದಳು. ಬೆನ್ನ ಹಿಂದೆ ಮಾತಾಡುವುದು ಇಸ್ಲಾಮಿನಲ್ಲಿ ದೊಡ್ಡ ಪಾಪ, ಆ ಮಾತು ನಿಜವಿದ್ದರೂ ಪಾಪ. ಆದರೆ ಹೆಣ್ಣಿನ ಬಾಳಿನ ಪ್ರಶ್ನೆ ಬಂದಾಗ ಮುಚ್ಚಿಡುವುದೇ ತಪ್ಪಾಯಿತು. ಕುಡಿಯುವ ಹುಡುಗನನ್ನು ಬಂಗಾರದಂಥ ಹುಡುಗ ಎಂದು ದಾಟಿಸುವ ನಮ್ಮ ಮದುವೆ ದಲ್ಲಾಳಿಗಳು, ಯಾವ ಧರ್ಮದವರೇ ಇರಲಿ, ಇದನ್ನು ಓದಬೇಕು.

ಇನ್ನು ಆ ತಕಿಯ್ಯಾ. ಮೆಕ್ಕಾದಲ್ಲಿ ಮೊದಮೊದಲು ಮುಸ್ಲಿಮರಾದವರಲ್ಲಿ ಬಡವರು, ಗುಲಾಮರು ಬಹಳ. ಅಮ್ಮಾರ್ ಬಿನ್ ಯಾಸಿರ್ ಎಂಬ ಯುವಕನ ತಾಯಿ ಸುಮಯ್ಯಾ ಅವರನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಅಮ್ಮಾರ್ ನೋವು ತಾಳದೆ ಹಿಂಸಿಸುವವರು ಹೇಳಿಸಿದ ಮಾತನ್ನೆಲ್ಲ ಹೇಳಿದರು. ಆಮೇಲೆ ಅಳುತ್ತ ಪೈಗಂಬರರ ಬಳಿ ಬಂದರು. ನಿನ್ನ ಮನಸ್ಸು ಹೇಗಿದೆ ಎಂದು ಕೇಳಿದರು ಅವರು. ನಂಬಿಕೆ ಗಟ್ಟಿಯಾಗಿದೆ ಎಂದರು ಅಮ್ಮಾರ್. ಕುರ್‌ಆನಿನ 16ನೇ ಅಧ್ಯಾಯದ 106ನೇ ವಚನ ಇಂಥವರ ಮೇಲೆ ದೋಷ ಹೊರಿಸುವುದಿಲ್ಲ. ಕುತ್ತಿಗೆಗೆ ಕತ್ತಿ ಇದ್ದಾಗ ನಂಬಿಕೆ ಬಚ್ಚಿಟ್ಟು ಜೀವ ಉಳಿಸಿಕೊಳ್ಳಬಹುದು ಎಂಬುದೇ ತಕಿಯ್ಯಾದ ಬೇರು. ವಿರೋಧಿ ಅರಸರ ಕೆಳಗೆ ಅಲ್ಪಸಂಖ್ಯಾತರಾಗಿ ಬದುಕಿದ ಶಿಯಾ ಪಂಗಡದವರಲ್ಲಿ ಈ ವಿಚಾರ ಹೆಚ್ಚು ಬೆಳೆಯಿತು. ಸ್ಪೇನಿನಲ್ಲಿ 1500ರ ಆಸುಪಾಸು ಮುಸ್ಲಿಮರನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದಾಗ, 1504ರಲ್ಲಿ ಉತ್ತರ ಆಫ್ರಿಕಾದ ಮುಫ್ತಿಯೊಬ್ಬರು ಅವರಿಗೆ ಗುಟ್ಟಾಗಿ ಧರ್ಮ ಪಾಲಿಸುವ ದಾರಿ ಬರೆದು ಕಳಿಸಿದ್ದರು. ಇದರಲ್ಲಿ ವ್ಯಾಪಾರ ಎಲ್ಲಿದೆ, ನೆರೆಯವನಿಗೆ ಮೋಸ ಎಲ್ಲಿದೆ? ಇಪ್ಪತ್ತು ವರ್ಷ ಚೀಲ ಹೊತ್ತ ಹಮಾಲರು ಆ ಹೆಸರು ಕೇಳಿರದಿದ್ದರೆ ಆಶ್ಚರ್ಯವಿಲ್ಲ.

ಹಾಗೆಂದು ಮುಸ್ಲಿಮರೆಲ್ಲ ಕಅಬ್‌ಗಳೇ ಎಂದು ನಾವು ಹೇಳುತ್ತಿಲ್ಲ. ಇನ್ಶಾ ಅಲ್ಲಾ ನಾಳೆ ಕೊಡ್ತೀನಿ ಎಂದು ನಮ್ಮ ಎರಡು ಸಾವಿರ ರೂಪಾಯಿ ವರ್ಷಗಟ್ಟಲೆ ಆಡಿಸಿದವರೂ ಇದ್ದಾರೆ. ನಾಳೆ ಎನ್ನುವಾಗ ದೇವರು ಬಯಸಿದರೆ ಎಂದು ಸೇರಿಸಬೇಕೆಂಬ ನಿಯಮ ಬಂದದ್ದು ಮನುಷ್ಯನ ಸೊಕ್ಕು ಇಳಿಸಲು, ಸಾಲಗಾರನಿಗೆ ದಾರಿ ಮಾಡಿಕೊಡಲು ಬಂದದ್ದಲ್ಲ. ಹಜರತ್ ಅವರ ಸಂಕಟ ಬೇರೆ. ಅವರ ಜಮಾತಿನ ಗ್ರೂಪಿನಲ್ಲೇ ದಿನಾ ಯಾವುದೋ ಹದೀಸ್ ಎಂದು ಏನೇನೋ ಬರುತ್ತದೆ, ಇಷ್ಟು ಜನಕ್ಕೆ ಕಳಿಸಿದರೆ ಒಳ್ಳೆಯದಾಗುತ್ತದೆ ಎಂಬ ಬಾಲ ಸೇರಿಸಿಕೊಂಡು. ಪೈಗಂಬರರು ಹೇಳದ್ದನ್ನು ಅವರ ಹೆಸರಲ್ಲಿ ಬೇಕೆಂದೇ ಹೇಳಿದವನಿಗೆ ನರಕ ಎಂಬ ಎಚ್ಚರಿಕೆ ಇದ್ದರೂ. "ಜುಮ್ಮಾದಾಗ ಹೇಳ್ತೀನ್ರಿ. ಕೇಳ್ತಾರ. ಹೊರಗ ಹೋಗಿ ಚಪ್ಪಲಿ ಮೆಟ್ಟೂದ್ರಾಗ ಮತ್ತ ಫಾರ್ವರ್ಡ್ ಆಗಿರ್ತೈತಿ," ಎಂದರು.

ನಮಗೆ ನಿಜವಾಗಿ ಚುಚ್ಚಿದ ಹದೀಸ್ ಅವರು ಹೇಳಿದ್ದು ಆಗಲೇ. ಕೇಳಿದ್ದನ್ನೆಲ್ಲ ಇನ್ನೊಬ್ಬರಿಗೆ ಹೇಳುತ್ತ ಹೋದರೆ, ಒಬ್ಬ ಮನುಷ್ಯ ಸುಳ್ಳುಗಾರ ಎನಿಸಿಕೊಳ್ಳಲು ಅಷ್ಟೇ ಸಾಕು ಎಂಬ ಅರ್ಥದ್ದು. ತಾನು ಹುಟ್ಟಿಸಿರಬೇಕಿಲ್ಲ. ಸುಳ್ಳೆಂದು ಗೊತ್ತಿರಲೂ ಬೇಕಿಲ್ಲ. ಸೋಸದೆ ದಾಟಿಸಿದರೆ ಸಾಕು. ಕುರ್‌ಆನಿನ 49ನೇ ಅಧ್ಯಾಯದ 6ನೇ ವಚನವೂ ಇದೇ ದಿಕ್ಕಿನದು: ನಂಬಲಾಗದವನು ಸುದ್ದಿ ತಂದರೆ ಪರೀಕ್ಷಿಸಿ, ಇಲ್ಲವಾದರೆ ತಿಳಿಯದೆ ಯಾರಿಗೋ ಕೇಡು ಮಾಡಿ ಆಮೇಲೆ ಮರುಗಬೇಕಾದೀತು. ವ್ಯಾಖ್ಯಾನಕಾರರು ಇದಕ್ಕೆ ಒಂದು ಹಿನ್ನೆಲೆ ಹೇಳುತ್ತಾರೆ. ಒಂದು ಬುಡಕಟ್ಟಿನಿಂದ ಜಕಾತ್ ತರಲು ಹೋದವನೊಬ್ಬ ಹೆದರಿ ಅರ್ಧದಿಂದಲೇ ವಾಪಸ್ ಬಂದು, ಅವರು ಕೊಡಲಿಲ್ಲ, ನನ್ನನ್ನು ಕೊಲ್ಲಲು ಬಂದರು ಎಂದನಂತೆ. ದಂಡು ಹೊರಡುವುದರಲ್ಲಿತ್ತು. ವಿಚಾರಿಸಿದರೆ ಆ ಜನ ಅವನನ್ನು ಎದುರುಗೊಳ್ಳಲು ಬಂದಿದ್ದರು.

ಈ ಕಡೆ ನಮ್ಮ ರಾಜ್ಯದಲ್ಲಿ 2018ರ ಜುಲೈ 13ರಂದು ಆದದ್ದು ನೆನಪಿರಲಿ. ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರ ಗುಂಪು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತು. ಅವರ ಕಾರು ಮುರ್ಕಿ ಎಂಬ ಊರಿಗೆ ಬರುವ ಮುಂಚೆಯೇ ಸುದ್ದಿ ಬಂದು ಕೂತಿತ್ತು. ಇಲ್ಲಿ ಪರೀಕ್ಷಿಸುವವರು ಯಾರೂ ಇರಲಿಲ್ಲ. ಒಬ್ಬ ಯುವ ಎಂಜಿನಿಯರ್ ಗುಂಪಿನ ಹೊಡೆತಕ್ಕೆ ಸತ್ತ. ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದು ಎಂಬ ಮಿತಿಯನ್ನು ವಾಟ್ಸ್‌ಆ್ಯಪ್ ಹೇಳಿದ್ದು ಅದೇ ತಿಂಗಳು.

ಆಗ ನಾವು ಬಹಳ ಜೋರಾಗಿ ಬುದ್ಧಿ ಹೇಳಿ ಬರೆದಿದ್ದೆವು. ಈಗ ನಮ್ಮ ತೊಯ್ದ ಕಾಳು ಮೇಲೆ ಹಾಕುತ್ತೇವೆ.

ನಾಲ್ಕು ವರ್ಷದ ಹಿಂದಿನ ಬೇಸಿಗೆ, ಕಲ್ಲಂಗಡಿ ಹಂಗಾಮು. ಹಣ್ಣಿಗೆ ಸಿರಿಂಜಿನಿಂದ ಬಣ್ಣ ಚುಚ್ಚುವ ವಿಡಿಯೊವೊಂದು ನಮಗೆ ಬಂತು. ನಿಮ್ಮ ಸಂತೆಯದೇ ನೋಡಿ ಎಂದು ಕಳಿಸಿದವರು ಹೇಳಿದರು. ಸಂಜೆ ಸುದ್ದಿ ಕಳಿಸುವ ಹೊತ್ತಾಗಿತ್ತು. ನಾವು ಬರೆದದ್ದು ಹೀಗೆ: ಸಂತೆಯಲ್ಲಿ ಬಣ್ಣ ಚುಚ್ಚಿದ ಕಲ್ಲಂಗಡಿ ಮಾರಾಟ ಮಾಡಲಾಗುತ್ತಿದೆ ಎನ್ನಲಾಗಿದ್ದು, ಸಂಬಂಧಪಟ್ಟವರು ಕ್ರಮ ಕೈಗೊಳ್ಳಬೇಕೆಂದು ಸಾರ್ವಜನಿಕರು ಆಗ್ರಹಿಸಿದ್ದಾರೆ. ಸಾರ್ವಜನಿಕರು ಎಂದರೆ ಇಬ್ಬರು. ಒಬ್ಬರು ವಿಡಿಯೊ ಕಳಿಸಿದವರು, ಇನ್ನೊಬ್ಬರು ನಾವು.

ಹೆಸರು ಹಾಕಿರಲಿಲ್ಲ, ನಿಜ. ಆದರೆ ಆ ಸಂತೆಯಲ್ಲಿ ಕಲ್ಲಂಗಡಿ ಹಾಕುತ್ತಿದ್ದವರು ಒಬ್ಬರೇ ಮುದುಕರು. ಊರಿಗೆಲ್ಲ ಚಾಚಾ. ಅವತ್ತು ಉದ್ರಿ ತಂದಿದ್ದ ಒಂದು ಟ್ರ್ಯಾಕ್ಟರ್ ಹಣ್ಣು ಕೊಳೆತು ಎಮ್ಮೆಗಳ ಪಾಲಾಯಿತು. ವಾರದ ನಂತರ ವಿಡಿಯೊವನ್ನು ಸೌಂಡ್ ಹಚ್ಚಿ ಕೇಳಿದೆವು. ಅದರಲ್ಲಿ ಮಾತಾಡುತ್ತಿದ್ದ ಭಾಷೆ ನಮ್ಮ ದೇಶದ್ದೇ ಅಲ್ಲ.

ಅರಬ್ಬಿಯಲ್ಲಿ 'ತೌರಿಯಾ' ಎಂದೊಂದು ಮಾತಿದೆ. ಅಕ್ಷರ ಅಕ್ಷರ ನೋಡಿದರೆ ಸುಳ್ಳಲ್ಲ, ಕೇಳುವವನು ಮಾತ್ರ ತಪ್ಪು ತಿಳಿದುಕೊಳ್ಳುತ್ತಾನೆ, ಹಾಗೆ ಮಾತಾಡುವುದು. ಸುಮಾರು ಒಂಬೈನೂರು ವರ್ಷದ ಹಿಂದೆ ತೀರಿಕೊಂಡ ಇಮಾಮ್ ಗಝಾಲಿಯವರು ಇದನ್ನೂ ಅಗತ್ಯ ಬಿದ್ದಾಗ ಮಾತ್ರ ಎಂದು ಕಟ್ಟಿಹಾಕಿದ್ದಾರೆ, ಕೇಳುವವನಿಗೆ ತಪ್ಪು ತಿಳಿವಳಿಕೆ ಕೊಡುವುದು ಅದರಲ್ಲೂ ಇದೆಯಲ್ಲ ಎಂದು. ನಮ್ಮ ಕಸುಬಿನ ತೌರಿಯಾ 'ಎನ್ನಲಾಗಿದೆ'. 'ಮೂಲಗಳು ತಿಳಿಸಿವೆ' ಅದರ ತಮ್ಮ. ಗ್ರೂಪಿನಲ್ಲಿ ಫಾರ್ವರ್ಡ್ ಮಾಡಿ ಕೆಳಗೆ 'ಇದು ನಿಜವೇ?' ಎಂದು ಹಾಕುತ್ತೀರಲ್ಲ, ಅದು ತಂಗಿ.

ಚಾಚಾ ಅವರ ಮನೆಗೆ ಹೋದೆವು. ತಪ್ಪಾಯಿತು, ತಿದ್ದುಪಡಿ ಹಾಕಿಸಿದ್ದೇವೆ ಎಂದೆವು. ಒಳಪುಟದಲ್ಲಿ ಎರಡು ಸಾಲು ಬಂದಿತ್ತು. ಅವರು ಬೈಯಲಿಲ್ಲ. "ಕಣ್ಲೇ ನೋಡಿದ್ರೇನ್ರಿ ತಮ್ಮಾ?" ಎಂದು ಕೇಳಿದರು. ಇಲ್ಲ ಎಂದೆವು. ಚಹಾ ಮಾಡಿಸಿದರು. ಆ ಸಂತೆಗೆ ಅವರು ಮತ್ತೆ ಬರಲಿಲ್ಲ. ಬೇರೆ ತಾಲ್ಲೂಕಿನ ಸಂತೆಗೆ ಹೋಗುತ್ತಾರೆ, ಬಸ್ಸಿಗೆ ಹಣ ಹೆಚ್ಚು.

ಬುಖಾರಿಯಂಥವರು ಹದೀಸ್ ಕೂಡಿಹಾಕುವಾಗ ಒಂದೊಂದಕ್ಕೂ ಇದನ್ನು ನಿನಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂದು ಪೈಗಂಬರರವರೆಗೂ ಕೊಂಡಿ ಜೋಡಿಸುತ್ತಿದ್ದರಂತೆ. ಒಂದು ಕೊಂಡಿ ತಪ್ಪಿದರೆ, ನಡುವೆ ಒಬ್ಬ ಸುಳ್ಳುಗಾರ ಸಿಕ್ಕಿದರೆ, ಮಾತು ಎಷ್ಟೇ ಚೆನ್ನಾಗಿದ್ದರೂ ಅದನ್ನು ಗಟ್ಟಿ ಹದೀಸ್ ಎಂದು ಒಪ್ಪುತ್ತಿರಲಿಲ್ಲ. ನಮಗೆ ಡಿಪ್ಲೊಮಾದಲ್ಲಿ ಎರಡು ಮೂಲ ಕೇಳಿ ಎಂದಷ್ಟೇ ಕಲಿಸಿದ್ದರು.

ಅದೇ ರೀತಿ ಎಪಿಎಂಸಿಯ ಆ ಆಡಿಯೊ ಹಿಂದೆ ಬಿದ್ದಿದ್ದೇವೆ. ಹಚ್ಚಿದವರಿಗೆ ಅವರ ಭಾಮೈದ ಕಳಿಸಿದ್ದು. ಭಾಮೈದನಿಗೆ ಅವನ ಗೊಬ್ಬರದಂಗಡಿ ಗೆಳೆಯ. ಗೆಳೆಯನಿಗೆ ಒಂದು ಕ್ರಿಕೆಟ್ ಗ್ರೂಪ್. ಅಲ್ಲಿ ಹಾಕಿದವನಿಗೆ ಯಾರು ಕಳಿಸಿದರೋ ನೆನಪಿಲ್ಲವಂತೆ, ಹುಡುಕಿ ಒಂದು ನಂಬರು ಕೊಟ್ಟಿದ್ದಾನೆ. ನಾಲ್ಕು ದಿನದಿಂದ ಮಾಡುತ್ತಿದ್ದೇವೆ. ಸ್ವಿಚ್ ಆಫ್.